ಗಿಡ್ಡ ಕುರ್ಚಿ

ಮೂರು ವರ್ಷ ತುಂಬಲಿದ್ದ ಮೊಮ್ಮಗಳನ್ನು ಯಾವ ಶಿಶುವಿಹಾರಕ್ಕೆ ಸೇರಿಸಬೇಕೆಂಬ ಚರ್ಚೆ ನಮ್ಮ ಮನೆಯಲ್ಲಿ ಬಸವನಗುಡಿಯ ಕಡಲೆಕಾಯಿ ಪರಿಷೆಯ ಹೊತ್ತಿಗೆ ಆರಂಭವಾಗಿ, ಸಂಕ್ರಾಂತಿಯ ಎಳ್ಳು ಬೀರುವ ದಿನಕ್ಕೂ ಮುಗಿದಿರಲಿಲ್ಲ. ಲೆಕ್ಕಪರಿಶೋಧನೆಯನ್ನು ವೃತ್ತಿಯಾಗಿಸಿಕೊಂಡಿರುವ ನನ್ನ ಸೊಸೆ ಹದಿನಾರು ಪ್ರಶ್ನೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿಕೊಂಡು, ನಡೆದುಹೋಗುವಷ್ಟು ಸಮೀಪದಲ್ಲಿದ್ದ ಮೂರು ಸ್ಥಳಗಳನ್ನು ಕಣ್ಣಾರೆ ನೋಡಿ ಬರಲು ಹೊರಟಾಗ, ನಿವೃತ್ತನಾಗಿ ಮನೆಯಲ್ಲಿ ಕುಳಿತಿರುವ ನನ್ನನ್ನೂ ಸಾಕ್ಷಿಗೆಂದು ಕರೆದೊಯ್ದಳು. “ಕೊಟ್ಟ ದುಡ್ಡಿಗೆ ತಕ್ಕ ಹಾಗೆ ಕಲಿಸ್ತಾರಾ ಮಾವ? ನನಗೆ ಅಷ್ಟು ಗೊತ್ತಾದರೆ ಸಾಕು” ಎಂದಳು. ಇದನ್ನು ವ್ಯಾಪಾರಬುದ್ಧಿಯೆಂದು ಹಳಿಯುವ ಹಿರಿಯರುಂಟು, ನಾನು ಹಳಿಯಲಾರೆ. ದುಡಿದು ಗಳಿಸಿದ ಹಣವನ್ನು ತೆರುವವಳಿಗೆ ಅದು ಎಲ್ಲಿ ಹೋಗುತ್ತದೆಂದು ಕೇಳುವ ಅಧಿಕಾರವಿದ್ದೇ ಇದೆ.

ಮೊದಲು ನೋಡಿದ ಸಂಸ್ಥೆಯ ಅಂಗಳದಲ್ಲಿ ಪ್ಲಾಸ್ಟಿಕ್ಕಿನ ಹುಲ್ಲು ಹಾಸಿತ್ತು, ಕೊಠಡಿಗಳಿಗೆ ಹವಾನಿಯಂತ್ರಣವಿತ್ತು. ವರ್ಷದ ಶುಲ್ಕ 1,80,000 ರೂಪಾಯಿ. ಕಲಿಕೆಗೆ ಪ್ರಮಾಣವಾಗಿ ಅಲ್ಲಿಯ ಮೇಲ್ವಿಚಾರಕಿ ನಮ್ಮ ಮುಂದೆ ಮಕ್ಕಳ ಬರವಣಿಗೆಯ ಪುಸ್ತಕಗಳನ್ನು ಹರಡಿದರು. ಇಂಗ್ಲಿಷಿನ ದೊಡ್ಡಕ್ಷರಗಳು ಗೆರೆಯ ಮೇಲೆ ನೆಟ್ಟಗೆ ನಿಂತಿದ್ದುವು. ಪುಟಗಳನ್ನು ತಿರುವುತ್ತ ಹೋದಂತೆ ನನಗೊಂದು ಸಂಗತಿ ಕಂಡಿತು: ಆರು ಮಕ್ಕಳ ಆರು ಪುಸ್ತಕಗಳಲ್ಲಿಯೂ ‘ಕೆ’ ಅಕ್ಷರದ ಕಾಲು ಒಂದೇ ಬಗೆಯಾಗಿ ಬಲಕ್ಕೆ ಜಾರಿತ್ತು. ಶಿಕ್ಷಕಿ ಮಗುವಿನ ಮುಷ್ಟಿಯನ್ನು ತನ್ನ ಮುಷ್ಟಿಯೊಳಗೆ ಹಿಡಿದು ಬರೆಸಿದ ಬರಹವದು. ಆಕೆಯ ಕೈಬರಹಕ್ಕೆ ಮಗು ಪೆನ್ಸಿಲ್ ಹಿಡಿದಿತ್ತು, ಅಷ್ಟೆ.

ಮೂರು ವರ್ಷದ ಮಗುವಿನ ಮಣಿಕಟ್ಟಿನಲ್ಲಿ ಇರಬೇಕಾದ ಎಂಟು ಎಲುಬುಗಳ ಪೈಕಿ ಹಲವು ಇನ್ನೂ ಗಟ್ಟಿಯಾಗದೆ ಮೃದ್ವಸ್ಥಿಯ ಸ್ಥಿತಿಯಲ್ಲಿಯೇ ಇರುತ್ತವೆಂಬುದು ವೈದ್ಯರೆಲ್ಲ ಬಲ್ಲ ಸಂಗತಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಎಂಟು ವರ್ಷದವರೆಗಿನ ಕಾಲವನ್ನೆಲ್ಲ ಬುನಾದಿಯ ಒಂದೇ ಹಂತವಾಗಿ ಎಣಿಸಿ, ಆಟವನ್ನೇ ಅದರ ಕಲಿಕೆಯ ಮಾರ್ಗವೆಂದು ಒಪ್ಪಿಕೊಂಡಿದೆ. ಅದಕ್ಕೂ ಬಹು ಮೊದಲು, ನಮ್ಮ ಮೈಸೂರಿನ ಆರ್. ಕೆ. ನಾರಾಯಣರು ರಾಜ್ಯಸಭೆಯ ಸದಸ್ಯರಾಗಿದ್ದಾಗ ಮಕ್ಕಳ ಬೆನ್ನಿನ ಪುಸ್ತಕದ ಚೀಲವನ್ನು ಕುರಿತು ಮರುಗಿ ಮಾತನಾಡಿದ್ದರು. ಮುಂದೆ ಯಶಪಾಲ್ ಸಮಿತಿಯು 1993ರ ತನ್ನ ವರದಿಯಲ್ಲಿ, ಚೀಲದ ತೂಕಕ್ಕಿಂತಲೂ ಕ್ರೂರವಾದ ಹೊರೆಯೆಂದರೆ ಓದಿದ್ದು ಅರ್ಥವಾಗದೆ ಹೋಗುವುದೆಂದು ಹೇಳಿತು. ಇಷ್ಟಾದರೂ ಹೊಸ ಶಿಶುವಿಹಾರಗಳು ನೋಟುಪುಸ್ತಕವನ್ನೇ ತೋರಿಸುವುದು ಏಕೆಂದರೆ, ನಾವು ತಂದೆತಾಯಿಗಳು, ಅಜ್ಜಿತಾತಂದಿರು, ಕೇಳುವುದು ಅದನ್ನೇ. ಅಂಗಡಿಯವನನ್ನು ಬೈದು ಗಿರಾಕಿಯನ್ನು ಬಿಟ್ಟರೆ ನ್ಯಾಯವಾಗದು.

ಆ ಸಂಸ್ಥೆಯ ಫಲಕದ ಮೇಲೆ ಮಾಂಟೆಸೊರಿ ಎಂಬ ಹೆಸರೂ ಇತ್ತು. ಇದು ಯಾರು ಬೇಕಾದರೂ ಬರೆಸಿಕೊಳ್ಳಬಹುದಾದ ಹೆಸರಾಗಿಬಿಟ್ಟಿದೆ. 1907ರಲ್ಲಿ ರೋಮ್ ನಗರದ ಬಡವರ ಬಡಾವಣೆಯೊಂದರಲ್ಲಿ ತನ್ನ ಮೊದಲ ಮಕ್ಕಳ ಮನೆಯನ್ನು ತೆರೆದ ಆ ವೈದ್ಯೆ, 1939ರಲ್ಲಿ ಮದರಾಸಿನ ಅಡಯಾರಿಗೆ ಬಂದು, ಯುದ್ಧದ ದೆಸೆಯಿಂದ ಹಿಂದಿರುಗಲಾರದೆ, ವರ್ಷಗಟ್ಟಲೆ ನಮ್ಮ ದೇಶದಲ್ಲಿಯೇ ಉಳಿದು ಶಿಕ್ಷಕರನ್ನು ತರಬೇತುಗೊಳಿಸಿದ್ದು ಪ್ರಸಿದ್ಧವಾಗಿದೆ. ಆಕೆಯ ಪದ್ಧತಿಯಲ್ಲಿ ಎರಡೂವರೆಯ ಮಗುವೂ ಐದರ ಮಗುವೂ ಒಂದೇ ಕೋಣೆಯಲ್ಲಿರತಕ್ಕದ್ದು. ತಾನು ಆರಿಸಿಕೊಂಡ ಕೆಲಸದಲ್ಲಿ ಮಗ್ನವಾದ ಮಗುವನ್ನು ನಡುವೆ ಎಬ್ಬಿಸಕೂಡದು. ಇಲ್ಲಿಯಾದರೋ ಇಪ್ಪತ್ತು ನಿಮಿಷಕ್ಕೊಮ್ಮೆ ಗಂಟೆ ಬಾರಿಸುತ್ತಿತ್ತು. ಆ ಪದ್ಧತಿಯ ಕಲಿಕೆಯ ಸಾಧನವಾದ ಮರದ ಗುಲಾಬಿ ಗೋಪುರ ಗಾಜಿನ ಕಪಾಟಿನೊಳಗೆ ಬೀಗದ ಹಿಂದೆ ಇತ್ತು. ಇಪ್ಪತ್ತನಾಲ್ಕು ಮಕ್ಕಳು “ಫಿಂಗರ್ ಆನ್ ಯುವರ್ ಲಿಪ್ಸ್” ಎಂಬ ಆಜ್ಞೆಗೆ ತುಟಿಯ ಮೇಲೆ ಬೆರಳಿಟ್ಟು ಕುಳಿತಿದ್ದರು.

ಬಾಗಿಲವರೆಗೆ ನಮ್ಮನ್ನು ಕಳುಹಿಸಲು ಬಂದ ಎಳೆಯ ಶಿಕ್ಷಕಿಯನ್ನು ಸೊಸೆ ಮೆಲ್ಲಗೆ ಮಾತಿಗೆಳೆದಳು. ಆಕೆ ಸೇರಿ ನಾಲ್ಕು ತಿಂಗಳಾಗಿತ್ತು. ಆ ವರ್ಷ ಆ ತರಗತಿಗೆ ಬಂದವರಲ್ಲಿ ಮೂರನೆಯವಳು. ಸಂಬಳ ತಿಂಗಳಿಗೆ ಹದಿನೈದು ಸಾವಿರ. ಸೊಸೆ ರಸ್ತೆಗಿಳಿದ ಮೇಲೆ ಒಂದು ಕ್ಷಣ ನಿಂತು, “ಮಾವ, ಒಂದು ಮಗುವಿನ ಫೀಸು ಈಕೆಯ ಇಡೀ ವರ್ಷದ ಸಂಬಳ. ಉಳಿದ ಇಪ್ಪತ್ತಮೂರು ಮಕ್ಕಳದು ಹುಲ್ಲಿಗೆ” ಎಂದಳು. ಬಾಡಿಗೆ, ವಿದ್ಯುತ್ತು, ಫಲಕದ ಹೆಸರಿಗೆ ತೆರುವ ಕಾಣಿಕೆ ಇವೆಲ್ಲ ಇರುತ್ತವೆಂದು ನಾನು ವಾದಿಸಬಹುದಿತ್ತು, ವಾದಿಸಲಿಲ್ಲ. ಒಂದು ಶಿಶುವಿಹಾರದ ಬೆಲೆ ಯೋಗ್ಯವೋ ಅಯೋಗ್ಯವೋ ಎಂಬುದನ್ನು ಅಲ್ಲಿಯ ಶಿಕ್ಷಕಿ ಎಷ್ಟು ವರ್ಷದಿಂದ ಇದ್ದಾಳೆಂಬುದರಿಂದ ಅಳೆಯಬಹುದೆಂದು ನನಗೆ ಅಂದಿನಿಂದ ತೋರುತ್ತದೆ. ಹೆಸರು ಕಲಿತು ಮಡಿಲಿಗೆ ಒರಗುವಷ್ಟರಲ್ಲಿ ಮುಖ ಬದಲಾದರೆ ಆ ವಯಸ್ಸಿನ ಮಗು ಏನನ್ನು ಕಲಿತೀತು?

ಇಂಥ ಸಂಸ್ಥೆಗಳ ಪ್ರಚಾರಪತ್ರಗಳಲ್ಲಿ ಅಮೆರಿಕದ ಸಂಶೋಧನೆಗಳ ಮಾತು ಬಂದೇ ಬರುತ್ತದೆ. ಅವುಗಳಲ್ಲಿ ಅತ್ಯಂತ ಖ್ಯಾತವಾದದ್ದು ಮಿಷಿಗನ್ ಸಂಸ್ಥಾನದ ಇಪ್ಸಿಲಾಂಟಿಯಲ್ಲಿ 1962ರಲ್ಲಿ ತೊಡಗಿದ ಪೆರ್ರಿ ಶಾಲೆಯ ಪ್ರಯೋಗ. ಬಡ ಕುಟುಂಬಗಳ 123 ಮಕ್ಕಳಲ್ಲಿ ಕೆಲವರನ್ನು ಶಾಲೆಗೆ ಸೇರಿಸಿ, ಕೆಲವರನ್ನು ಸೇರಿಸದೆ ಬಿಟ್ಟು, ಅವರ ನಡುವಯಸ್ಸಿನವರೆಗೂ ಬೆನ್ನುಹತ್ತಿ ನೋಡಿದರು. ಬುದ್ಧಿಮಾಪನದಲ್ಲಿ ಸೇರಿದವರಿಗೆ ಮೊದಲು ಸಿಕ್ಕ ಮುನ್ನಡೆ ಕೆಲವೇ ವರ್ಷಗಳಲ್ಲಿ ಕರಗಿಹೋಯಿತು. ಆದರೆ ನಲವತ್ತರ ವಯಸ್ಸಿನಲ್ಲಿ ಅವರೇ ಹೆಚ್ಚಾಗಿ ಉದ್ಯೋಗಸ್ಥರಾಗಿದ್ದರು, ಅವರೇ ಕಡಿಮೆಯಾಗಿ ಪೊಲೀಸರ ಕೈಗೆ ಸಿಕ್ಕಿದ್ದರು. ಪ್ರಚಾರಪತ್ರ ಇಷ್ಟನ್ನು ಹೇಳುತ್ತದೆ. ಅಲ್ಲಿ ಆರೇಳು ಮಕ್ಕಳಿಗೆ ಒಬ್ಬ ಪದವೀಧರ ಶಿಕ್ಷಕಿಯಿದ್ದಳೆಂಬುದನ್ನೂ, ಆಕೆ ವಾರಕ್ಕೊಮ್ಮೆ ಮಗುವಿನ ಮನೆಗೇ ಹೋಗಿ ತಾಯಿಯೊಡನೆ ಕೂರುತ್ತಿದ್ದಳೆಂಬುದನ್ನೂ ಹೇಳುವುದಿಲ್ಲ.

ಎರಡನೆಯ ಸ್ಥಳ ನಮ್ಮ ಹಿಂದಿನ ಬೀದಿಯ ಅಂಗನವಾಡಿ. 1975ರ ಅಕ್ಟೋಬರ್ 2ರಂದು ಆರಂಭವಾದ ಈ ಯೋಜನೆ ಕರ್ನಾಟಕದಲ್ಲಿ ಮೊದಲು ಕಾಲಿಟ್ಟದ್ದು ಟಿ. ನರಸೀಪುರದಲ್ಲಿ, ನೂರು ಕೇಂದ್ರಗಳೊಡನೆ; ಈಗ ರಾಜ್ಯದಲ್ಲಿ ಅರವತ್ತು ಸಾವಿರಕ್ಕೂ ಮಿಕ್ಕಿವೆ. ಅಲ್ಲಿಯ ಕಾರ್ಯಕರ್ತೆ ಇಪ್ಪತ್ತೊಂದು ವರ್ಷದಿಂದ ಅದೇ ಕೋಣೆಯಲ್ಲಿದ್ದವರು, ಹುಣಿಸೆಬೀಜಗಳನ್ನು ನೆಲದ ಮೇಲೆ ಸುರಿದು, “ನಿನ್ನ ಹತ್ತಿರ ಜಾಸ್ತಿ ಇದೆಯೋ, ಅವನ ಹತ್ತಿರವೋ?” ಎಂದು ಕೇಳುವ ಹೊತ್ತಿನಲ್ಲಿ ನಿಜವಾದ ಗುರು. ಆದರೆ ನಾವು ಇದ್ದ ಒಂದು ಗಂಟೆಯಲ್ಲಿ ಆ ಹೊತ್ತು ಹತ್ತು ನಿಮಿಷವೂ ಇರಲಿಲ್ಲ. ಗರ್ಭಿಣಿಯರ ತೂಕ, ಆಹಾರದ ದಾಸ್ತಾನು, ಮೊಬೈಲಿನಲ್ಲಿ ತುಂಬಬೇಕಾದ ಪೋಷಣ್ ಟ್ರ್ಯಾಕರ್, ಬೆಳಗ್ಗೆಯೇ ಬಂದ ಸಮೀಕ್ಷೆಯ ಆದೇಶ; ಸರ್ಕಾರ ಆಕೆಯನ್ನು ಮಕ್ಕಳಿಂದ ಸಾಲ ಪಡೆದು ಹಿಂದಿರುಗಿಸುವುದನ್ನೇ ಮರೆತಂತಿತ್ತು. ಸಂಜೆ ನಾಲ್ಕಕ್ಕೆ ಕೇಂದ್ರ ಮುಚ್ಚಿದರೆ ಆರೂವರೆಗೆ ಕಚೇರಿ ಬಿಡುವ ಸೊಸೆಗೆ ಒದಗುವಂತೆಯೂ ಇರಲಿಲ್ಲ.

ಮೂರನೆಯದು ಹಳೆಯ ಹೆಂಚಿನ ಮನೆ. ವರ್ಷಕ್ಕೆ 70,000. ಒಳಗೆ ಹೋದಾಗ ಏಳೆಂಟು ಮಕ್ಕಳು ಚಾಪೆಯ ಮೇಲೆ ಕುಳಿತು, ನೆನೆಸಿದ ಅವರೆಕಾಳನ್ನು ಹಿದುಕುತ್ತಿದ್ದರು. ಹೆಬ್ಬೆರಳು ತೋರುಬೆರಳುಗಳ ನಡುವೆ ಕಾಳನ್ನು ಒತ್ತಿದರೆ ಬೇಳೆ ಚಂಗನೆ ಹಾರಿ ಎದುರಿನ ಮಗುವಿನ ಹಣೆಗೆ ತಗಲುತ್ತಿತ್ತು, ನಗೆ ಏಳುತ್ತಿತ್ತು, ಮತ್ತೆ ಕೆಲಸ ಸಾಗುತ್ತಿತ್ತು. ಒಬ್ಬಳು ಸಿಪ್ಪೆಯನ್ನು ಒಂದು ಬಟ್ಟಲಿಗೂ ಬೇಳೆಯನ್ನು ಇನ್ನೊಂದಕ್ಕೂ ಹಾಕುತ್ತ, ಯಾರೂ ಕೇಳದೆಯೇ ಎಣಿಸುತ್ತಿದ್ದಳು. ಏಳರ ಆಚೆಗೆ ಅವಳಿಗೆ ಹತ್ತೇ ಬರುತ್ತಿತ್ತು. ಶಿಕ್ಷಕಿ ತಿದ್ದಲಿಲ್ಲ, ತಾನೂ ಪಕ್ಕದಲ್ಲಿ ಕುಳಿತು ತನ್ನ ಕಾಳುಗಳನ್ನು ಏಳು, ಎಂಟು, ಒಂಬತ್ತು ಎಂದು ಗಟ್ಟಿಯಾಗಿ ಎಣಿಸತೊಡಗಿದರು. ಪೆನ್ಸಿಲ್ ಹಿಡಿಯಬೇಕಾದ ಬೆರಳುಗಳು ಇದಕ್ಕಿಂತ ಚೆನ್ನಾಗಿ ಹೇಗೆ ಸಿದ್ಧವಾಗಬೇಕೋ ನಾನರಿಯೆ. ವಕೀಲಿಯನ್ನು ತೊರೆದು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದು, ಮೀಸೆಯ ತಾಯಿ ಎಂದು ಜನರಿಂದ ಕರೆಸಿಕೊಂಡ ಗಿಜುಭಾಯಿ ಬಧೇಕಾ ಅವರು ಈ ಚಾಪೆಯ ಬಳಿ ತುಸು ಹೊತ್ತು ನಿಲ್ಲುತ್ತಿದ್ದರೆಂದು ನನ್ನ ಊಹೆ. ದೋಷಗಳೂ ಇದ್ದುವು: ಅಂಗಳ ಕಿರಿದು, ಶೌಚದ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಸೊಸೆ ಎರಡನ್ನೂ ಗುರುತು ಹಾಕಿಕೊಂಡಳು.

ಹದಿನಾರು ಪ್ರಶ್ನೆಗಳ ಪಟ್ಟಿ ಮಾತ್ರ ಕೈಚೀಲದಲ್ಲಿಯೇ ಉಳಿಯಿತು. “ಮಗು ಅತ್ತರೆ ಏನು ಮಾಡ್ತೀರಿ?” ಎಂದಷ್ಟೇ ಕೇಳಿದಳು.

“ಮೊದಲ ವಾರ ನೀವೇ ಬಂದು ಕೂತಿರಿ ಅಮ್ಮಾ. ಅದು ಅಳೋದು ನಿಂತ ಮೇಲೆ ನಿಮ್ಮ ಅಳು ನೋಡೋಣ” ಎಂದರು ಆಕೆ.

ಜೂನ್ ಬಂದಾಗ ಸೊಸೆಗೆ ಎರಡೇ ದಿನದ ರಜೆ ಉಳಿದಿತ್ತು. ಮಿಕ್ಕ ಮೂರು ದಿನ ನನ್ನ ಪಾಲಿಗೆ ಬಂದಿತು. ಕೊಟ್ಟ ಕುರ್ಚಿ ನೆಲದಿಂದ ಹತ್ತು ಅಂಗುಲದಷ್ಟು ಎತ್ತರವಿದ್ದೀತು. ಮೊಮ್ಮಗಳು ಮೊದಲ ದಿನ ನಿಮಿಷಕ್ಕೊಮ್ಮೆ ತಿರುಗಿ ನೋಡಿದಳು, ಮರುದಿನ ಆಗಾಗ್ಗೆ. ಮೂರನೆಯ ದಿನ ಹತ್ತೂವರೆಯ ಸುಮಾರಿಗೆ ಆಯಾ ಬಂದು, “ತಾತ, ಇನ್ನು ನೀವು ಹೊರಡಿ” ಎಂದಾಗ, ಏಳಲು ಆಕೆಯ ಕೈಯನ್ನೇ ಹಿಡಿಯಬೇಕಾಯಿತು.