ಬರೆಯುವ ಕೈಯನ್ನು ನೋಡುವವರು ಯಾರು?

"ಅಕ್ಷರ ದುಂಡಗೆ ಬಂದರೆ ಸಾಲದೇ ಮೇಡಂ? ಎಲ್ಲಿಂದ ಶುರು ಮಾಡಿದರೇನಂತೆ?" ನಮ್ಮ ಕಂದಿಕೆರೆಯ ತಾಯಂದಿರು ಕೇಳುವ ಈ ಪ್ರಶ್ನೆಯನ್ನು ತಿಪಟೂರಿನಲ್ಲೂ ಕೇಳಿದ್ದೇನೆ, ತುಮಕೂರಿನಲ್ಲೂ ಕೇಳಿದ್ದೇನೆ. ಸಾಲದು ಎಂಬುದೇ ನನ್ನ ಉತ್ತರ.

ನಾವು ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೂ ಇಲ್ಲ. ಮುಗಿದ ರಂಗೋಲಿಯನ್ನು ನೋಡಿಕೊಂಡು ಎಳೆ ಹಾಕಲು ಹೋದವಳು ಅರ್ಧಕ್ಕೇ ಸಿಕ್ಕಿಕೊಳ್ಳುತ್ತಾಳೆ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಅಮ್ಮನ ಬೆರಳು ಎತ್ತ ತಿರುಗಿತೆಂದು ನೋಡಿದವಳಿಗೆ ಅದು ಜನ್ಮಕ್ಕೂ ಮರೆಯುವುದಿಲ್ಲ. ಅಕ್ಷರವೂ ಹಾಗೆಯೇ.

ನಮ್ಮ ಹಿರಿಯರು ಗುಣಿತದ ಗುರುತುಗಳಿಗೆ ಇಟ್ಟ ಹೆಸರುಗಳನ್ನೇ ನೋಡಿ: ತಲೆಕಟ್ಟು, ಇಳಿ, ಗುಡಿಸು, ಕೊಂಬು, ವಟ್ರಸುಳಿ. ಇಳಿ ಎಂದರೆ ಕೈ ಇಳಿಯಬೇಕು, ಸುಳಿ ಎಂದರೆ ಸುತ್ತಬೇಕು. ಮೊದಲು ಅಕ್ಷರದ ಮೈ, ಆಮೇಲೆ ತಲೆಕಟ್ಟೋ ಗುಡಿಸೋ, ಕೊನೆಗೆ ಕೆಳಗಿನ ಒತ್ತು. ದ ಬರೆದು ಹೊಟ್ಟೆ ಸೀಳಿದರೆ ಧ, ಅದರೊಳಗೆ ಚುಕ್ಕಿ ಇಟ್ಟರೆ ಥ. ಹೀಗೆ ಕಲಿತ ಮಗುವಿಗೆ ಮೂರೂ ಒಂದೇ ಮನೆಯ ಮಕ್ಕಳು. ಚಿತ್ರದಂತೆ ನೋಡಿ ಬಿಡಿಸಿದ ಮಗುವಿಗೆ ಮೂರೂ ಬೇರೆ ಬೇರೆ ತಲೆನೋವು.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿ ರ, ಗ, ಸ, ದ, ಅ ಎಂದು ಕಲಿಸುತ್ತದೆ. ಅ, ಆ, ಇ, ಈ ಎಂದು ಕಲಿತ ಅಜ್ಜಿಯರು ಮೂಗು ಮುರಿಯುತ್ತಾರೆ. ನನಗೆ ಅದರ ಮೇಲೆ ಜಗಳವಿಲ್ಲ. ಯಾವ ಅಕ್ಷರ ಮೊದಲು ಎಂಬುದನ್ನು ಬದಲಾಯಿಸಬಹುದು. ಒಂದು ಅಕ್ಷರದೊಳಗೆ ಕೈ ಹೇಗೆ ಸಾಗಬೇಕು ಎಂಬುದನ್ನು ಮಗುವಿನ ಪಾಡಿಗೆ ಬಿಡಬಾರದು.

ನನ್ನ ಜಗಳವಿರುವುದು ಅಂಗಡಿಯಲ್ಲಿ ತೂಗುಹಾಕಿರುವ ಚುಕ್ಕಿಗೆರೆಯ ಪುಸ್ತಕಗಳ ಮೇಲೆ. ಮಗು ಬಾಲದಿಂದ ತಲೆಗೆ ಬರೆದರೂ ಚುಕ್ಕಿ ಮುಚ್ಚುತ್ತದೆ. ಮಾರನೆಯ ದಿನ ಕೆಂಪು ಪೆನ್ನಿನ ಗುರುತು ಬೀಳುತ್ತದೆ. ಬರೆಯುವಾಗ ಕೈಯನ್ನು ನೋಡಿದವರು ಯಾರು? ಹಿಂದೆ ಸ್ಲೇಟಿನ ಮೇಲೆ ತಿದ್ದಿಸುವಾಗ ಮೇಷ್ಟರ ಕೈ ಮಗುವಿನ ಕೈ ಮೇಲಿರುತ್ತಿತ್ತು. ನಾಲ್ಕು ಸಲ ತಿದ್ದಿದ ಮೇಲೆ ಅಳಿಸಿ, "ಈಗ ನೀನೇ ಬರಿ" ಎನ್ನುತ್ತಿದ್ದರು. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಇನ್ನೂ ಓದು ಬಾರದ ಮಕ್ಕಳಿಂದ ಇಂಗ್ಲಿಷ್ ಅಕ್ಷರಗಳನ್ನು ಸ್ವಂತವಾಗಿ ಬರೆಸಿದರು, ಗೆರೆಯ ಮೇಲೆ ತಿದ್ದಿಸಿದರು, ಕೀಲಿಮಣೆಯಲ್ಲಿ ಒತ್ತಿಸಿದರು. ಓದುವಾಗ ದುಡಿಯುವ ಮಿದುಳಿನ ಭಾಗಗಳು ಚುರುಕಾದದ್ದು ಸ್ವಂತವಾಗಿ ಬರೆದ ಅಕ್ಷರಗಳನ್ನು ಕಂಡಾಗ. ಬರೀ ತಿದ್ದಿದರೆ ಸಾಲದು ಎಂದ ಹಾಗಾಯಿತು.

ಚೀನಾದವರನ್ನು ನೋಡಿ. ಮೇಲಿನಿಂದ ಕೆಳಗೆ, ಎಡದಿಂದ ಬಲಕ್ಕೆ; ಅಕ್ಷರಕ್ಕೆ ಸುತ್ತ ಚೌಕವಿದ್ದರೆ ಒಳಗಿನದನ್ನು ಬರೆದ ಮೇಲೆಯೇ ಕೊನೆಯ ಗೆರೆ ಎಳೆದು ಬಾಗಿಲು ಮುಚ್ಚಬೇಕು. 1997ರಲ್ಲಿ 7000 ಅಕ್ಷರಗಳಿಗೆ ಗೆರೆಯ ಕ್ರಮವನ್ನು ಸರ್ಕಾರವೇ ಗೊತ್ತುಮಾಡಿ ಪ್ರಕಟಿಸಿತು. ನಮ್ಮ ವರ್ಣಮಾಲೆಯಲ್ಲಿ ಇರುವುದು 49. ಅಷ್ಟಕ್ಕೂ ನಮಗೆ ಪುರಸೊತ್ತಿಲ್ಲ!

"ಮುಂದೆ ಎಲ್ಲ ಫೋನಿನಲ್ಲೇ ತಾನೆ?" ಎನ್ನುವವರಿದ್ದಾರೆ. 'ಭಕ್ತಿ' ಎಂದು ಕೈಯಲ್ಲಿ ಬರೆಯುವಾಗ ಮೊದಲು ಕಿ, ಆಮೇಲೆ ತ ಒತ್ತು. ಫೋನಿನಲ್ಲಿ ಒತ್ತುವಾಗ ಕ, ತ, ಕೊನೆಗೆ ಗುಡಿಸು. 'ಧರ್ಮ'ದಲ್ಲಿ ನಾಲಿಗೆಗೆ ರ ಮೊದಲು. ಕೈಗೆ ಮ ಮೊದಲು, ಅರ್ಕಾವತ್ತು ನಂತರ. ಯಂತ್ರ ತಾನೇ ಜೋಡಿಸಿಕೊಡುತ್ತದೆ, ಉಪಕಾರವೇ. ಆದರೆ ಕೈ ಕಲಿಯದ ಮಗು ನಾಲ್ಕನೇ ತರಗತಿಯ ಉಕ್ತಲೇಖನದಲ್ಲಿ ಎಲ್ಲರೂ ಮುಗಿಸಿದರೂ ಅರ್ಧದಲ್ಲೇ ಇರುತ್ತದೆ. ಆಗ ಅದಕ್ಕೆ ದಡ್ಡ ಎಂಬ ಹೆಸರು ಕಟ್ಟುತ್ತೇವೆ.

ಇದರ ಪೂರ್ತಿ ಬೆಲೆ ಗೊತ್ತಾಗಬೇಕಾದರೆ ನಮ್ಮ ತೋಟದ ಸೀಮೆಯ ಹಿರಿಯ ಹೆಂಗಸರನ್ನು ನೋಡಬೇಕು. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು, 2000ದ ನಂತರ ಸ್ತ್ರೀಶಕ್ತಿ ಸಂಘಗಳು ಬಂದವು. ಹೆಬ್ಬೆಟ್ಟು ಒತ್ತುತ್ತಿದ್ದವರು ರುಜು ಹಾಕಲು ಕಲಿತರು. ಅದು ಸಣ್ಣ ಮಾತಲ್ಲ. ಆದರೆ ಎಷ್ಟೋ ಜನ ರುಜುವನ್ನು ಬರೆಯುವುದಿಲ್ಲ, ಬಿಡಿಸುತ್ತಾರೆ. ಅವರಿಗೆ ಹಾಗೆಯೇ ಕಲಿಸಲಾಯಿತು. ತಮ್ಮ ಹೆಸರಿನ ಮೊದಲ ಅಕ್ಷರ ಗ ಆದರೂ ಗುಬ್ಬಿ ಬಸ್ಸಿನ ಬೋರ್ಡಿನಲ್ಲಿ ಅದು ಅವರಿಗೆ ಗುರುತು ಹತ್ತುವುದಿಲ್ಲ. ಕೊಬ್ಬರಿ ಮಾರಿದ ಚೀಟಿಯನ್ನು ಇನ್ನೊಬ್ಬರಿಂದಲೇ ಓದಿಸಬೇಕು. ಚಿತ್ರ ಕಲಿಸಿ ಅಕ್ಷರ ಕಲಿಸಿದೆವೆಂದರೆ ಆಗುವುದು ಇಷ್ಟೇ.

ಮನೆಯಿಂದ ಮನೆಗೆ ಕೈಬರಹದಲ್ಲಿ ಒಂದಿಷ್ಟು ವ್ಯತ್ಯಾಸ ಇದ್ದೇ ಇರುತ್ತದೆ, ಅದಕ್ಕೆ ಬೈಯಬೇಡಿ. ಎಡಗೈ ಮಗುವಿನ ಕೈ ಬದಲಿಸಲೂಬೇಡಿ; ಎಡಗೈಯಲ್ಲೂ ಮೈ ಮೊದಲು, ಒತ್ತು ಕೊನೆಗೆ. ನಾನು ಕೇಳುವುದು ದಿನಕ್ಕೆ ಹತ್ತು ನಿಮಿಷ. ಒಂದು ಸ್ಲೇಟು ತನ್ನಿ. ನೀವು ಬರೆದು ತೋರಿಸಿ, ಅಳಿಸಿ, ಮಗು ಬರೆಯುವಾಗ ಅದರ ಕೈಯನ್ನು ನೋಡಿ. ನಮ್ಮ ಟೀಚರುಗಳಿಗೂ ಒಂದು ಮಾತು: ಒಂದನೇ ತರಗತಿಯ ಮೊದಲ ಮೂರು ತಿಂಗಳು ಕೆಂಪು ಪೆನ್ನು ಚೀಲದಲ್ಲೇ ಇರಲಿ, ನೀವು ಮಕ್ಕಳ ನಡುವೆ ನೆಲದ ಮೇಲೆ ಕುಳಿತುಕೊಳ್ಳಿ.