ಕಾರಿನ ಮೇಲಣ ಕ್ಯಾರಿಯರ್

ಕೊಳ್ಳೇಗಾಲದಿಂದ ಹನೂರು, ಕೌದಳ್ಳಿಗಳ ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ಶಿವರಾತ್ರಿ, ಯುಗಾದಿ, ದೀಪಾವಳಿಯ ದಿನಗಳಲ್ಲಿ ನಿಂತು ನೋಡಿದರೆ, ನೆತ್ತಿಯ ಮೇಲೆ ಹೊರೆ ಹೊತ್ತ ಕಾರುಗಳು ಕಾಣಬರುತ್ತವೆ. ಮನೆಮಂದಿಯೆಲ್ಲ ಒಳಗೆ ಕುಳಿತ ಮೇಲೆ ಅಕ್ಕಿಮೂಟೆಗೂ ಅಡಿಗೆಯ ಪಾತ್ರೆಗಳಿಗೂ ಉಳಿಯುವ ಸ್ಥಳ ಮೇಲ್ಛಾವಣಿಯೊಂದೇ. ಯಳಂದೂರಿನಿಂದ ಗುಂಬಳ್ಳಿಯ ಮೂಲಕ ಬಿಳಿಗಿರಿರಂಗನ ಬೆಟ್ಟವನ್ನೇರುವ ದಾರಿಯಲ್ಲಿಯೂ ಇಂಥ ನೋಟ ಅಪರೂಪವಲ್ಲ. ಈ ಹೊರೆಯನ್ನು ಹಿಡಿದಿಡುವ ಕ್ಯಾರಿಯರನ್ನು ತಾವೇ ತಂದು ಜೋಡಿಸಿಕೊಳ್ಳುವವರುಂಟು. ಅದು ಮೆಕ್ಯಾನಿಕ್ಕಿನ ಕೆಲಸ, ಓದುವ ಹುಡುಗರು ಕೈಹಾಕಬಾರದು ಎನ್ನುವ ಹಿರಿಯರೂ ಉಂಟು. ನಾವು ಹಾಗೆ ಭಾವಿಸುವುದಿಲ್ಲ. ಪ್ರೌಢಶಾಲೆಯ ಭೌತಶಾಸ್ತ್ರವನ್ನು ತಿಳಿದು ಓದಿದವರು ಇದನ್ನು ಮಾಡಬಲ್ಲರು. ಆದರೆ ಅಳೆದು ಮಾಡಬೇಕು. ‘ಕೈಯಂದಾಜಿನಲ್ಲಿ ಬಿಗಿದಿದ್ದೇನೆ’ ಎಂಬ ಮಾತನ್ನು ಮಾತ್ರ ನಾವು ಒಪ್ಪಲಾರೆವು.

ಮೊದಲು ನೋಡತಕ್ಕದ್ದು ಕಾರಿನ ಕೈಪಿಡಿಯನ್ನು. ಮೇಲ್ಛಾವಣಿ ಎಷ್ಟು ತೂಕ ತಾಳುವುದೆಂದು ಅಲ್ಲಿ ಹೇಳಿರುತ್ತದೆ. ಸಣ್ಣ ಕಾರುಗಳಲ್ಲಿ ಅದು ಅನೇಕವೇಳೆ 50 ಕಿಲೋಗ್ರಾಂ. ಕ್ಯಾರಿಯರಿನ ತೂಕವೂ ಇದರಲ್ಲಿಯೇ ಸೇರಿತು. ಅದು 12 ಕಿಲೋಗ್ರಾಂ ತೂಗಿದರೆ ಸಾಮಾನಿಗೆ ಉಳಿಯುವುದು 38. ಹಿಂದಿನ ಅಂಬಾಸಿಡರ್ ಕಾರಿನ ಛಾವಣಿಯ ಅಂಚಿನಲ್ಲಿ ಮಳೆನೀರು ಹರಿಯುವ ಗಟ್ಟಿಯಾದ ದೋಣಿಯಿತ್ತು. ಕ್ಯಾರಿಯರಿನ ಕಾಲುಗಳು ಅದನ್ನೇ ಹಿಡಿದುಕೊಳ್ಳುತ್ತಿದ್ದವು. 2014ರಲ್ಲಿ ಆ ಕಾರಿನ ತಯಾರಿಕೆಯೇ ನಿಂತಿತು. ಈಗಿನ ಕಾರುಗಳಲ್ಲಿ ಬಾಗಿಲ ಚೌಕಟ್ಟಿನ ಅಂಚಿಗೆ ಕೊಕ್ಕೆ ಸಿಕ್ಕಿಸಬೇಕು, ಇಲ್ಲವೆ ಛಾವಣಿಯ ಮೇಲಿನ ಉದ್ದನೆಯ ಕಂಬಿಗಳಿಗೆ ಬಿಗಿಯಬೇಕು. ಕೆಲವು ಕಾರುಗಳಲ್ಲಿ ಈ ಕಂಬಿಗಳು ಬರಿಯ ಅಲಂಕಾರಕ್ಕಾಗಿ ಇಟ್ಟವು. ಅವಕ್ಕೆ ಹೊರೆ ಕಟ್ಟುವುದು ಗೋಡೆಯ ಮೇಲಿನ ಚಿತ್ರದ ಗೂಟಕ್ಕೆ ಅಂಗಿ ಸಿಕ್ಕಿಸಿದಂತೆ.

ಇನ್ನು ಬಿಗಿತದ ಮಾತು. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಬರುತ್ತಿರುವ ಕಾರು ಬ್ರೇಕು ಹಾಕಿ 9 ಮೀಟರಿನೊಳಗೆ ನಿಂತಿತೆನ್ನೋಣ. ಕಾರು ನಿಂತರೂ ಹೊರೆ ಜಡತ್ವದಿಂದ ಮುಂದೆ ಸಾಗಬಯಸುತ್ತದೆ. ಕ್ಯಾರಿಯರೂ ಸೇರಿದಂತೆ 50 ಕಿಲೋಗ್ರಾಮಿನ ಹೊರೆಯನ್ನು ತಡೆದು ನಿಲ್ಲಿಸಲು ಸುಮಾರು 35 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲ ಬೇಕೆಂದು ಲೆಕ್ಕ ಹೇಳುತ್ತದೆ. ರಬ್ಬರಿನ ಕಾಲುಗಳ ಘರ್ಷಣಾಂಕ 0.5 ಎಂದಿಟ್ಟುಕೊಂಡರೆ, ಹೊರೆಯ ಸ್ವಂತ ತೂಕದಿಂದ ದೊರೆಯುವ ಘರ್ಷಣೆ 25 ಮಾತ್ರ. ಉಳಿದ ಹತ್ತನ್ನು ಒದಗಿಸಬೇಕಾದವು ಬೋಲ್ಟುಗಳು. ಚಕ್ರ ಹಳ್ಳಕ್ಕೆ ಇಳಿದೆದ್ದಾಗ ಹೊರೆ ಕ್ಷಣಕಾಲ ಹಗುರಾಗುವುದರಿಂದ ಘರ್ಷಣೆಯೂ ಕುಗ್ಗುತ್ತದೆ. ಆಗ ಭಾರವೆಲ್ಲ ಬೋಲ್ಟುಗಳ ಮೇಲೆಯೇ. ಬೆಟ್ಟದ ಇಳಿಜಾರಿನಲ್ಲಿ ಬ್ರೇಕು ಹಾಕಿದರೆ ಅಗತ್ಯವಾದ ಬಲ ಇನ್ನೂ ಹೆಚ್ಚು. ಸಡಿಲಾದ ಕ್ಯಾರಿಯರಿನಿಂದ ಆಪತ್ತು ಕಾರಿನವರಿಗಷ್ಟೇ ಅಲ್ಲ, ತಾಳಬೆಟ್ಟದಿಂದ ಕಾಲ್ನಡಿಗೆಯಲ್ಲಿ ಹೊರಟ ಭಕ್ತರಿಗೂ ಉಂಟು.

ಹಾಗೆಂದು ಬಲವಿದ್ದಷ್ಟೂ ತಿರುಗಿಸಿದರಾಯಿತೆ? ಆಗಲಾರದು. ಛಾವಣಿಯ ತಗಡು ತೀರ ತೆಳು. ಅತಿಯಾಗಿ ಬಿಗಿದರೆ ಅಂಚು ನೆಗ್ಗಿ, ಬಣ್ಣವೆದ್ದು ತುಕ್ಕು ಹತ್ತುತ್ತದೆ. ಕ್ಯಾರಿಯರಿನ ಜೊತೆಗೆ ಬರುವ ಹಾಳೆಯಲ್ಲಿ 6 ನ್ಯೂಟನ್-ಮೀಟರು ಎಂದಿದೆಯೆನ್ನಿ. ಅದನ್ನು ಅಳೆಯಲು ಬೆಲೆಬಾಳುವ ಉಪಕರಣವೇ ಆಗಬೇಕೆಂದಿಲ್ಲ. ನಟ್ಟಿನ ನಡುವಿನಿಂದ 15 ಸೆಂಟಿಮೀಟರು ದೂರದಲ್ಲಿ ಸ್ಪ್ಯಾನರಿನ ತುದಿಗೆ ಪ್ರಯೋಗಶಾಲೆಯ ಸ್ಪ್ರಿಂಗ್ ತಕ್ಕಡಿಯನ್ನು ಸಿಕ್ಕಿಸಿ, ಸ್ಪ್ಯಾನರಿಗೆ ಲಂಬವಾಗಿ ಎಳೆಯಿರಿ. ತಕ್ಕಡಿ 40 ನ್ಯೂಟನ್, ಅಂದರೆ ಸುಮಾರು 4 ಕಿಲೋಗ್ರಾಂ ತೋರಿಸಿದಾಗ ಕೈ ನಿಲ್ಲಿಸಿ. ಇದೇ ಸ್ಪ್ಯಾನರನ್ನು ಒಬ್ಬ ಗಟ್ಟಿಗ 30 ಕಿಲೋಗ್ರಾಮಿನಷ್ಟು ಬಲದಿಂದ ಎಳೆದರೆ ಬಿಗಿತ ಏಳು ಪಟ್ಟನ್ನು ಮೀರುತ್ತದೆ! ಪುಸ್ತಕದಲ್ಲಿ ಸನ್ನೆಯ ಲೆಕ್ಕವನ್ನು ಮಾಡಿ ಅಂಕ ಪಡೆದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗ ಯಾವುದಿದ್ದೀತು?

ಕೈಪಿಡಿಯ ಮಿತಿಯನ್ನು ಮೀರಿ ಹೇರುವವರಿಗೆ ಒಂದು ಲೆಕ್ಕ. ಕಾರು 900 ಕಿಲೋಗ್ರಾಂ ತೂಗುತ್ತದೆ, ಅದರ ಗುರುತ್ವ ಕೇಂದ್ರ ನೆಲದಿಂದ 55 ಸೆಂಟಿಮೀಟರು ಎತ್ತರದಲ್ಲಿದೆ ಎಂದು ಭಾವಿಸೋಣ. 160 ಸೆಂಟಿಮೀಟರು ಎತ್ತರದಲ್ಲಿ 50 ಕಿಲೋಗ್ರಾಂ ಹೇರಿದರೆ ಗುರುತ್ವ ಕೇಂದ್ರ ಐದೂವರೆ ಸೆಂಟಿಮೀಟರು ಮೇಲೇರುತ್ತದೆ. 150 ಹೇರಿದರೆ 15 ಸೆಂಟಿಮೀಟರು. ಬೆಟ್ಟದ ಕಡಿದಾದ ತಿರುವುಗಳಲ್ಲಿ ಕಾರು ಹೊರಮಗ್ಗುಲಿಗೆ ವಾಲುವುದು ಇದರಿಂದ ಹೆಚ್ಚುತ್ತದೆ. ಆದುದರಿಂದ ಭಾರದ ಮೂಟೆ ಡಿಕ್ಕಿಯಲ್ಲಿರಲಿ, ಹಗುರಾದ ಹಾಸಿಗೆ ಮೇಲಿರಲಿ.

ಹೊಸದಾಗಿ ಬಿಗಿದ ಕಾಲುಗಳ ರಬ್ಬರು ದಾರಿಯ ಅಲುಗಾಟಕ್ಕೆ ಅದುಮಿಕೊಂಡು ನಟ್ಟುಗಳು ಸಡಿಲಾಗುತ್ತವೆ. ಹನೂರಿನಲ್ಲಿ ಚಹಾ ಕುಡಿಯಲು ನಿಂತಾಗ ಒಮ್ಮೆ, ತಾಳಬೆಟ್ಟದಲ್ಲಿ ಘಟ್ಟವನ್ನೇರುವ ಮೊದಲು ಇನ್ನೊಮ್ಮೆ ತಕ್ಕಡಿ ಹಿಡಿದು ನೋಡಬೇಕು. ಜಾತ್ರೆ ಮುಗಿಸಿ ಊರಿಗೆ ಬಂದ ಮೇಲೆ ಕ್ಯಾರಿಯರನ್ನು ಬಿಚ್ಚಿಡುವುದು ಲೇಸು. ಬರಿದಾಗಿದ್ದರೂ ಅದು ಗಾಳಿಗೆ ಅಡ್ಡ ನಿಂತು ಪೆಟ್ರೋಲು ತಿನ್ನುತ್ತದೆ.