ಕುಲಪತಿ ಕುರ್ಚಿ ಬಿಟ್ಟರೆ ಗೋಪಿನಾಥಂಗೆ ಏನಾಗುತ್ತೆ?

ಗೋಪಿನಾಥಂ: ತಹಶೀಲ್ದಾರ್ ಯಾರು, ಎಸ್‌ಐ ಯಾರು, ಫಾರೆಸ್ಟ್ ರೇಂಜರ್ ಯಾರು ಅಂತ ಕೇಳಿದರೆ ನಮ್ಮ ಕಡೆ ಅಂಗಡಿಯವರು ಥಟ್ಟನೆ ಹೇಳ್ತಾರೆ. ವಿಶ್ವವಿದ್ಯಾಲಯದ ಕುಲಪತಿ ಯಾರು ಅಂದರೆ ಹತ್ತರಲ್ಲಿ ಒಬ್ಬರು ಹೇಳಿದರೆ ಹೆಚ್ಚು. ಅದು ಜನರ ತಪ್ಪಲ್ಲ. ಕುಲಪತಿ ಜೊತೆ ನಮಗೆ ನೇರ ವ್ಯವಹಾರ ಏನೂ ಇಲ್ಲ. ಆದರೆ ಅವರು ಕುರ್ಚಿ ಬಿಟ್ಟು ಹೋದಾಗ, ಮುಂದಿನವರು ಬೇಗ ಬರದಿದ್ದರೆ, ಅದರ ಬಿಸಿ ಹನೂರು, ಕೊಳ್ಳೇಗಾಲ, ಯಳಂದೂರಿನ ಮಕ್ಕಳವರೆಗೂ ಬರುತ್ತೆ. ಹೇಗೆ ಅಂತ ನೋಡೋಣ.

ಮೊದಲು ಒಂದು ಲೆಕ್ಕ. ನಮ್ಮ ಚಾಮರಾಜನಗರ ವಿಶ್ವವಿದ್ಯಾಲಯ ಶುರುವಾಗಿದ್ದು 2023ರ ಮಾರ್ಚ್‌ನಲ್ಲಿ. ಬೇಡರಪುರದ ಸುವರ್ಣ ಗಂಗೋತ್ರಿಯಲ್ಲಿ ಮೈಸೂರು ವಿವಿಯ ಸ್ನಾತಕೋತ್ತರ ಕೇಂದ್ರ ಇತ್ತಲ್ಲ, ಅದೇ ವಿವಿ ಆಯಿತು. ಮೊದಲ ಕುಲಪತಿಯಾಗಿ ಪ್ರೊ. ಎಂ.ಆರ್. ಗಂಗಾಧರ್ ಬಂದರು. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ 2000ರ ಪ್ರಕಾರ ಕುಲಪತಿ ಅವಧಿ ನಾಲ್ಕು ವರ್ಷ. ಅಂದರೆ ಮೊದಲ ಅವಧಿಯ ಲೆಕ್ಕ 2027ರ ಮಾರ್ಚ್‌ಗೆ ಮುಗಿಯುತ್ತೆ.

ನಾಲ್ಕು ವರ್ಷ ಸಾಕಾ ಅನ್ನೋದು ಹಳೇ ಪ್ರಶ್ನೆ. ಹತ್ತಾರು ವರ್ಷ ಒಬ್ಬರೇ ಇದ್ದರೆ ಚೆನ್ನ ಅನ್ನೋರು ಇದ್ದಾರೆ. ಅಮೆರಿಕದ ಹಾರ್ವರ್ಡ್‌ನಲ್ಲಿ ಚಾರ್ಲ್ಸ್ ಎಲಿಯಟ್ ಅನ್ನೋರು 1869ರಿಂದ 1909ರವರೆಗೆ, ಬರೋಬ್ಬರಿ 40 ವರ್ಷ ಅಧ್ಯಕ್ಷರಾಗಿದ್ದರು. ಅಷ್ಟು ದೂರ ಯಾಕೆ, ನಮ್ಮ ರಾಜ್ಯದಲ್ಲೇ ಒಂದು ಉದಾಹರಣೆ ಇದೆ.

ಧಾರವಾಡದ 13 ವರ್ಷ

ಗೋಕಾಕ ತಾಲ್ಲೂಕಿನ ಮಮದಾಪುರದವರು ಡಿ.ಸಿ. ಪಾವಟೆ. ಕೇಂಬ್ರಿಜ್‌ನಲ್ಲಿ ಗಣಿತ ಓದಿ ಬಂದವರು, ಮುಂಬೈ ಸರ್ಕಾರದಲ್ಲಿ ಶಿಕ್ಷಣ ಇಲಾಖೆ ನಡೆಸಿದವರು. 1954ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾದರು. ಆಗ ಆ ವಿವಿಗೆ ಐದೇ ವರ್ಷ. 1949ರಲ್ಲಿ ಮುಂಬೈಯಲ್ಲಿ ಶುರುವಾಗಿ ಮರುವರ್ಷ ಧಾರವಾಡಕ್ಕೆ ಬಂದಿತ್ತು. ಇವತ್ತಿನ ನಮ್ಮ ಚಾಮರಾಜನಗರ ವಿವಿ ಥರಾನೇ ಎಳೇ ಕೂಸು.

ಪಾವಟೆಯವರು 1967ರಲ್ಲಿ ಹುದ್ದೆ ಬಿಟ್ಟರು. ಪಂಜಾಬ್ ರಾಜ್ಯಪಾಲರಾಗಿ ಹೋದರು. ಹದಿಮೂರು ವರ್ಷ ನಡೆಸಿದವರು ಎದ್ದು ಹೋದ ಮೇಲೆ ವಿವಿ ಕುಸಿಯಲಿಲ್ಲ. ಗುಡ್ಡದ ಮೇಲಿನ ಕ್ಯಾಂಪಸ್, ವಿಭಾಗಗಳು, ಗ್ರಂಥಾಲಯ ಎಲ್ಲ ನಿಂತಿದ್ದವು. ಆ ಜಾಗಕ್ಕೆ ಇವತ್ತಿಗೂ ಪಾವಟೆ ನಗರ ಅಂತಲೇ ಹೆಸರು. ಹೆಸರಿಗಿಂತ ದೊಡ್ಡ ವಿಷಯ ಅಂದರೆ, ಅವರು ಇಲ್ಲದೇನೂ ಕೆಲಸ ನಡೀತು.

ಹಾಗಂತ ಹೆಚ್ಚು ವರ್ಷ ಇದ್ದರೇ ಒಳ್ಳೇದು ಅಂತ ತೀರ್ಮಾನ ಮಾಡಬೇಡಿ. ಒಬ್ಬರ ಕೈಲೇ ಎಲ್ಲ ಕೀಲಿಕೈ ಇದ್ದರೆ ಅವರು ಹೋದ ದಿನ ಬಾಗಿಲು ತೆಗೆಯೋರು ಇರಲ್ಲ. ಅಂಗಡಿ ನಡೆಸೋರಿಗೆ ಇದು ಗೊತ್ತಿರೋ ಮಾತೇ. ಯಜಮಾನ ಎರಡು ದಿನ ಮದುವೆಗೆ ಹೋದರೆ ವ್ಯಾಪಾರ ನಿಂತುಹೋಗುತ್ತೆ ಅಂದರೆ ಆ ಅಂಗಡಿ ಇನ್ನೂ ಗಟ್ಟಿಯಾಗಿಲ್ಲ ಅಂತ ಅರ್ಥ.

ಕುವೆಂಪು ಅವರ ನಾಲ್ಕು ವರ್ಷ

ಇನ್ನೊಂದು ಕಡೆ ನೋಡಿ. ಕುವೆಂಪು ಮೈಸೂರು ವಿವಿ ಕುಲಪತಿಯಾಗಿದ್ದು 1956ರಿಂದ 1960ರವರೆಗೆ, ನಾಲ್ಕೇ ವರ್ಷ. ಅಷ್ಟರಲ್ಲೇ ಮಾನಸಗಂಗೋತ್ರಿ ಆಯಿತು. ಆದರೆ ಅವರು ಹೊರಗಿನಿಂದ ಬಂದು ಕೂತವರಲ್ಲ. 1929ರಿಂದ ಅಲ್ಲೇ ಪಾಠ ಮಾಡಿ, ಮಹಾರಾಜ ಕಾಲೇಜಿನ ಪ್ರಾಂಶುಪಾಲರಾಗಿ, ಆಮೇಲೆ ಆ ಕುರ್ಚಿಗೆ ಬಂದವರು. ವಿವಿಯ ಒಳಗು ಹೊರಗು ಗೊತ್ತಿತ್ತು.

ಅದೇ 1956 ನಮ್ಮ ತಾಲ್ಲೂಕಿಗೂ ನೆನಪಿಡೋ ವರ್ಷ. ಅಲ್ಲಿವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರಿದ್ದು ಆಗ. ಹನೂರು, ಗೋಪಿನಾಥಂ ಎಲ್ಲ ಅದರೊಳಗೇ ಇದ್ದವು. ಯಳಂದೂರು ಮಾತ್ರ ಮೊದಲಿಂದ ಮೈಸೂರು ಕಡೆ. ಆಮೇಲೆ 2023ರವರೆಗೆ ನಮ್ಮ ಮಕ್ಕಳ ಡಿಗ್ರಿ ಅಂದರೆ ಮೈಸೂರು ವಿವಿ ಡಿಗ್ರಿ.

ಕುರ್ಚಿ ಖಾಲಿ ಇದ್ದ ಕಾಲ

ಹಾಗಾದರೆ ತೊಂದರೆ ಎಲ್ಲಿ? ಮೈಸೂರಲ್ಲೇ ನಡೆದದ್ದು ನೋಡಿ. ಪ್ರೊ. ಕೆ.ಎಸ್. ರಂಗಪ್ಪ ಅವರ ಅವಧಿ 2017ರ ಜನವರಿಯಲ್ಲಿ ಮುಗೀತು. ಪ್ರೊ. ಜಿ. ಹೇಮಂತ್ ಕುಮಾರ್ ಪೂರ್ಣಾವಧಿ ಕುಲಪತಿಯಾಗಿ ಬಂದದ್ದು 2018ರಲ್ಲಿ. ನಡುವೆ ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಒಬ್ಬರಾದ ಮೇಲೆ ಒಬ್ಬರು ಹಂಗಾಮಿ ಕುಲಪತಿಗಳು. 1916ರಲ್ಲಿ ಶುರುವಾಗಿ ಆಗತಾನೆ ನೂರು ವರ್ಷ ತುಂಬಿದ್ದ ವಿವಿಗೇ ಈ ಗತಿ.

ಹಂಗಾಮಿ ಕುಲಪತಿಗೆ ಸಹಿ ಹಾಕೋ ಅಧಿಕಾರ ಇರುತ್ತೆ. ಆದರೆ ಇವತ್ತು ಇದ್ದು ನಾಳೆ ಹೋಗೋರು ಹೊಸ ಕೋರ್ಸ್, ನೇಮಕಾತಿ, ಕಟ್ಟಡ ಅಂತ ದೊಡ್ಡ ತೀರ್ಮಾನಕ್ಕೆ ಕೈ ಹಾಕಲ್ಲ. ಕಡತ 'ಹೊಸಬರು ಬರಲಿ' ಅಂತ ಕೂರುತ್ತೆ. ಮೈಸೂರು ವಿವಿಗೆ ಹಳೇ ಬೇರು ಇತ್ತು, ತಡ್ಕೊಳ್ತು. ಎಳೇ ವಿವಿ ತಡ್ಕೊಳುತ್ತಾ?

ಆ ಅನುಮಾನಕ್ಕೆ ಕಾರಣ ಇದೆ. 2025ರ ಫೆಬ್ರುವರಿಯಲ್ಲಿ ಉಪ ಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ನೇತೃತ್ವದ ಸಂಪುಟ ಉಪಸಮಿತಿ ಒಂಬತ್ತು ವಿವಿಗಳನ್ನು ಮುಚ್ಚುವ ಮಾತು ಎತ್ತಿತು. ಹಣ ಇಲ್ಲ, ಜಾಗ ಇಲ್ಲ, ಸಿಬ್ಬಂದಿ ಇಲ್ಲ ಅನ್ನೋದು ಕಾರಣ. ಆ ಪಟ್ಟಿಯಲ್ಲಿ ಚಾಮರಾಜನಗರವೂ ಇತ್ತು. ಮುಚ್ಚೋದು ಅಂದರೆ ನಿಮ್ಮೂರ ಕಾಲೇಜಿಗೆ ಬೀಗ ಅಂತ ಅಲ್ಲ. ಕಾಲೇಜುಗಳು ಮತ್ತೆ ಹಳೇ ವಿವಿಗೆ ಹೋಗ್ತವೆ. ಆದರೆ ಬೇಡರಪುರದಲ್ಲಿ ಆಗೋ ಕೆಲಸಕ್ಕೆ ಮತ್ತೆ ಮೈಸೂರು ಬಸ್ ಹತ್ತಬೇಕು.

ಗೋಪಿನಾಥಂನಿಂದ ನೋಡಿದರೆ

ಗೋಪಿನಾಥಂನ ಹುಡುಗಿಗೆ ಅಂಕಪಟ್ಟಿಯಲ್ಲಿ ಹೆಸರು ತಪ್ಪು ಬಂತು ಅಂದುಕೊಳ್ಳಿ. ಪಾಲಾರ್ ದಾಟಿ, ಬೆಟ್ಟ ಹತ್ತಿ ಇಳಿದು ಕೊಳ್ಳೇಗಾಲ ಸೇರೋಷ್ಟರಲ್ಲಿ ಅರ್ಧ ದಿನ ಹೋಯ್ತು. ಅಲ್ಲಿಂದ ಚಾಮರಾಜನಗರವೋ ಮೈಸೂರೋ. ಸಾಹೇಬ್ರು ಇಲ್ಲ, ನಾಳೆ ಬನ್ನಿ ಅಂದರೆ ಆ ನಾಳೆಗೆ ಅಪ್ಪನ ಒಂದು ದಿನದ ಕೂಲಿ, ಇಬ್ಬರ ಬಸ್ ಚಾರ್ಜು ಹೋಗುತ್ತೆ. ಎರಡು ಸಲ ಹೀಗಾದರೆ ಮನೆಯಲ್ಲಿ 'ಓದಿದ್ದು ಸಾಕು' ಅನ್ನೋ ಮಾತು ಬರುತ್ತೆ. ಇಲ್ಲಾ ಅಂದರೆ ಹತ್ತಿರದ ಮೆಟ್ಟೂರು, ಸೇಲಂ ಕಡೆ ಮುಖ ಮಾಡ್ತಾರೆ. ಮನೇಲಿ ತಮಿಳು ಮಾತಾಡಿ ಶಾಲೇಲಿ ಕನ್ನಡ ಕಲಿತ ಮಕ್ಕಳು ಡಿಗ್ರಿ ಹೊತ್ತಿಗೆ ನಮ್ಮ ಕೈ ಬಿಟ್ಟು ಹೋದರೆ ನಷ್ಟ ಯಾರಿಗೆ?

ವ್ಯಾಪಾರಸ್ಥರಿಗೂ ಇದು ಬೇರೆಯವರ ವಿಷಯ ಅಲ್ಲ. ಕಾಲೇಜು ತುಂಬಿದ್ದರೆ ಜೆರಾಕ್ಸ್, ಸೈಬರ್, ಬುಕ್ ಸ್ಟಾಲ್, ಹೋಟೆಲ್, ಬಾಡಿಗೆ ರೂಮು ಎಲ್ಲ ನಡೆಯುತ್ತೆ. ದಾಖಲಾತಿ ಬಿದ್ದರೆ ಮೊದಲು ಗೊತ್ತಾಗೋದು ಗಲ್ಲಾಪೆಟ್ಟಿಗೆಗೆ.

ಹಾಗಾದರೆ ಏನು ಕೇಳಬೇಕು

ಕುಲಪತಿ ಆಯ್ಕೆಗೆ ಶೋಧನಾ ಸಮಿತಿ ಅಂತ ಇರುತ್ತೆ. ಅದು ಹೆಸರುಗಳ ಪಟ್ಟಿ ಕೊಡುತ್ತೆ, ಸರ್ಕಾರದ ಸಹಮತಿಯೊಂದಿಗೆ ಕುಲಾಧಿಪತಿಯಾದ ರಾಜ್ಯಪಾಲರು ನೇಮಿಸ್ತಾರೆ. ಕುಲಪತಿ ನೇಮಕದಲ್ಲಿ ಯಾರ ಕೈ ಮೇಲಿರಬೇಕು ಅಂತ 2025ರ ಜನವರಿಯಲ್ಲಿ ಯುಜಿಸಿ ಕರಡು ನಿಯಮ ಬಂದಾಗ ದೊಡ್ಡ ಗಲಾಟೆಯೇ ಆಯಿತು. ಕರ್ನಾಟಕ ಸರ್ಕಾರ ವಿರೋಧಿಸಿತು. ಆ ಜಗಳ ಬೆಂಗಳೂರು, ದೆಹಲಿಯವರದು. ನಮ್ಮ ಪ್ರಶ್ನೆ ಚಿಕ್ಕದು.

ಕುಲಪತಿ ಹೋಗೋ ದಿನಾಂಕ ನಾಲ್ಕು ವರ್ಷ ಮೊದಲೇ ಗೊತ್ತಿರುತ್ತೆ. ಹಾಗಿದ್ದ ಮೇಲೆ ಶೋಧನಾ ಸಮಿತಿ ಆರು ತಿಂಗಳ ಮುಂಚೆ ಯಾಕೆ ಆಗಬಾರದು? ಹೋಗೋರು ಎಷ್ಟು ಕಾಯಂ ಹುದ್ದೆ ತುಂಬಿದ್ದಾರೆ, ಎಷ್ಟು ಅತಿಥಿ ಉಪನ್ಯಾಸಕರ ಮೇಲೆ ಬಿಟ್ಟು ಹೋಗ್ತಿದ್ದಾರೆ ಅನ್ನೋ ಲೆಕ್ಕ ಜನರ ಮುಂದೆ ಯಾಕೆ ಇಡಬಾರದು? ಅಂಕಪಟ್ಟಿ ತಿದ್ದುಪಡಿಯಂಥ ಕೆಲಸಕ್ಕೆ ಕೊಳ್ಳೇಗಾಲದಲ್ಲಿ ವಾರಕ್ಕೊಂದು ದಿನ ಕೌಂಟರ್ ಯಾಕೆ ತೆರೆಯಬಾರದು?

ಹನೂರು, ಕೊಳ್ಳೇಗಾಲ ಶಾಸಕರು ಊರಿಗೆ ಬಂದಾಗ ರಸ್ತೆ, ನೀರು, ಆನೆ ಕಾಟ ಕೇಳ್ತೀವಿ. ಕೇಳಲೇಬೇಕು. ಅದರ ಜೊತೆಗೆ ಇದನ್ನೂ ಒಂದು ಮಾತು ಕೇಳಿ: 2027ರ ಮಾರ್ಚ್ ಬರುತ್ತೆ, ಬೇಡರಪುರದ ಕುರ್ಚಿ ಒಂದು ದಿನವೂ ಖಾಲಿ ಇರಬಾರದು, ಅದಕ್ಕೆ ನೀವೇನು ಮಾಡಿದ್ದೀರಿ?